ಗಲ್ಫ್‌ನ ಉಳಿತಾಯ ಊರಿಗೆ: ಯಾವ ದಾರಿ, ಯಾವ ಖಾತೆ, ಯಾವಾಗ?

ಶಾರ್ಜಾದ ರೋಲಾದಲ್ಲಿ ಸಂಬಳದ ವಾರ ಒಂದು ಸಂಜೆ ನಿಂತು ನೋಡಿ. ಎಕ್ಸ್‌ಚೇಂಜ್ ಅಂಗಡಿಗಳ ಮುಂದೆ ಸಾಲು. ಜನ ತಲೆ ಎತ್ತಿ ರೇಟಿನ ಬೋರ್ಡ್ ನೋಡುತ್ತಾರೆ, ಫೋನ್ ನೋಡುತ್ತಾರೆ, ಮತ್ತೆ ಬೋರ್ಡ್ ನೋಡುತ್ತಾರೆ. "ಆಚೆ ಅಂಗಡಿಯಲ್ಲಿ ಮೂರು ಪೈಸೆ ಜಾಸ್ತಿ ಉಂಟಂತೆ ಮಾರಾಯ" ಅಂತ ಒಬ್ಬ ಅಂದರೆ ಸಾಕು, ನಾಲ್ಕು ಜನ ಅತ್ತ ಹೊರಟರು. ನಾನೂ ಹಾಗೆ ಹೊರಟವನೇ. 2008ರಿಂದ 2022ರವರೆಗೆ, ಹದಿನಾಲ್ಕು ವರ್ಷ.

5,000 ದಿರ್ಹಮ್ ಕಳಿಸುವವನಿಗೆ ಮೂರು ಪೈಸೆ ಅಂದರೆ 150 ರೂಪಾಯಿ. ಬಿಸಿಲಲ್ಲಿ ನಡೆದದ್ದಕ್ಕೆ ಕೂಲಿ ಸಿಕ್ಕಿತು ಅನ್ನಿ. ಆದರೆ ಮೊದಲ ಆರು ವರ್ಷ ನಾನು ಕಳಿಸಿದ ದುಡ್ಡೆಲ್ಲ ಬಿದ್ದದ್ದು ಊರಿನ ಬ್ಯಾಂಕಿನಲ್ಲಿದ್ದ ನನ್ನ ಹಳೇ ಉಳಿತಾಯ ಖಾತೆಗೆ. ಕಾಲೇಜಿನಲ್ಲಿದ್ದಾಗ ತೆರೆದದ್ದು. ಅಲ್ಲೇ ಎಫ್‌ಡಿ ಮಾಡಿದೆ, ಬಡ್ಡಿಗೆ ತೆರಿಗೆ ಕಟ್ಟಿದೆ. ಗಲ್ಫ್‌ನಲ್ಲಿರುವವನು ಹಾಗೆ ಮಾಡುವ ಹಾಗೇ ಇಲ್ಲ ಎಂದು ಗೊತ್ತಾದದ್ದು ಆಮೇಲೆ. ಮೂರು ಪೈಸೆಯ ಹಿಂದೆ ಓಡಿದ್ದೆಲ್ಲ ಆಗ ತಮಾಷೆ ಅನಿಸಿತು.

ಆದ್ದರಿಂದ ಈ ಹೋಲಿಕೆಯನ್ನು ರೇಟಿನಲ್ಲೇ ಮುಗಿಸುವುದಿಲ್ಲ. ಹಣ ಬರುವ ದಾರಿ, ಬಂದು ಕೂರುವ ಖಾತೆ, ಕಳಿಸುವ ಸಮಯ, ಮೂರನ್ನೂ ನೋಡೋಣ. ಉದಾಹರಣೆಗಳು ಯುಎಇಯವು, ಯಾಕೆಂದರೆ ನನಗೆ ಗೊತ್ತಿರುವ ಊರು ಅದು. ಭಾರತಕ್ಕೆ ಹೀಗೆ ಬರುವ ಹಣದಲ್ಲಿ ಸುಮಾರು ಐದನೇ ಒಂದು ಪಾಲು ಯುಎಇಯದ್ದು, ಅಮೆರಿಕದ ನಂತರ ಅದೇ ಎರಡನೆಯದು ಎಂದು ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆ ಹೇಳುತ್ತದೆ. ಸೌದಿ, ಕತಾರ್, ಒಮಾನ್‌ನಲ್ಲಿ ಇರುವವರಿಗೂ ಈ ಕಡೆಯ ನಿಯಮಗಳು ಒಂದೇ.

ದಾರಿಗಳು

ಮೊದಲು ಲೆಕ್ಕ ಹಾಕುವ ರೀತಿ. ಕಳಿಸುವ ಖರ್ಚು ಎರಡು ಕಡೆ ಅಡಗಿರುತ್ತದೆ: ಫೀಸಿನಲ್ಲಿ, ರೇಟಿನಲ್ಲಿ. "ಫೀಸ್ ಇಲ್ಲ" ಅಂತ ದೊಡ್ಡದಾಗಿ ಬರೆದುಕೊಂಡವರು ಸಾಮಾನ್ಯವಾಗಿ ರೇಟಿನಲ್ಲಿ ಹಿಡಿದುಕೊಳ್ಳುತ್ತಾರೆ.

ಲೆಕ್ಕಕ್ಕೆ ಅಂತ ಕೆಲವು ಅಂಕಿ ಇಟ್ಟುಕೊಳ್ಳಿ. ಮಾರುಕಟ್ಟೆಯಲ್ಲಿ ದಿರ್ಹಮ್‌ಗೆ 24.50 ರೂಪಾಯಿ ಇದೆ. ಎಕ್ಸ್‌ಚೇಂಜ್‌ನವರು 24.40 ಕೊಡುತ್ತಾರೆ, 20 ದಿರ್ಹಮ್ ಫೀಸ್. ನಿಮ್ಮ ಬ್ಯಾಂಕ್ 24.10 ಕೊಡುತ್ತದೆ, ಫೀಸ್ ಸೊನ್ನೆ. 1,000 ದಿರ್ಹಮ್ ಕಳಿಸಿದರೆ ಎಕ್ಸ್‌ಚೇಂಜ್‌ನಲ್ಲಿ ಹೋಗುವುದು 100 ರೂಪಾಯಿ ರೇಟಿಗೆ, 490ರಷ್ಟು ಫೀಸಿಗೆ, ಒಟ್ಟು 590. ಬ್ಯಾಂಕಿನಲ್ಲಿ ಹೋಗುವುದು 400. ಬ್ಯಾಂಕ್ ಗೆದ್ದಿತು. ಈಗ 50,000 ದಿರ್ಹಮ್ ಕಳಿಸಿ. ಎಕ್ಸ್‌ಚೇಂಜ್‌ನಲ್ಲಿ 5,490 ಹೋದರೆ ಬ್ಯಾಂಕಿನಲ್ಲಿ 20,000! ಮೊತ್ತ ಚಿಕ್ಕದಿದ್ದಾಗ ಫೀಸ್ ನೋಡಬೇಕು, ದೊಡ್ಡದಿದ್ದಾಗ ರೇಟು. "ಯಾವುದು ಚೀಪ್?" ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ, ಎಷ್ಟು ಕಳಿಸುತ್ತೀರಿ ಅಂತಲೂ ಹೇಳಬೇಕು.

ನಾವು ದಿನಾ ಬಳಸುವುದು ಎಕ್ಸ್‌ಚೇಂಜ್ ಅಂಗಡಿಯನ್ನೇ. ಅಲ್ಲಿಂದ ನಮ್ಮ ಬ್ಯಾಂಕ್ ಖಾತೆಗೆ ಹೋಗುವ ಹಣ ಬಹುಪಾಲು ರಿಸರ್ವ್ ಬ್ಯಾಂಕ್ ಒಪ್ಪಿದ ಒಂದು ಏರ್ಪಾಡಿನಲ್ಲಿ ಬರುತ್ತದೆ. ಅಂಗಡಿಯವರು ಭಾರತದ ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟಿರುತ್ತಾರೆ, ಅದರಿಂದ ನಿಮ್ಮ ಖಾತೆಗೆ ಜಮೆ. ಸ್ವಂತದ ಹಣಕ್ಕೆ ಇಲ್ಲಿ ಮೇಲ್ಮಿತಿ ಇಲ್ಲ, ಎನ್‌ಆರ್‌ಇ ಖಾತೆಗೂ (ಹೊರಗಿನ ದುಡಿಮೆ ಇಡಲು ಅನಿವಾಸಿಗಳಿಗೆ ಇರುವ ಖಾತೆ, ಮುಂದೆ ಹೇಳುತ್ತೇನೆ) ಹಾಕಬಹುದು. ಅದೇ ಕೌಂಟರ್‌ನಲ್ಲಿ ಇನ್ನೊಂದು ಸೇವೆಯೂ ಇರುತ್ತದೆ: ಒಂದು ನಂಬರ್ ಕೊಡುತ್ತಾರೆ, ಊರಿನಲ್ಲಿ ಅಮ್ಮ ಆ ನಂಬರ್ ತೋರಿಸಿ ನಗದು ತೆಗೆದುಕೊಳ್ಳುತ್ತಾರೆ. ಅದಕ್ಕೆ ಬೇರೆ ನಿಯಮ. ಒಂದು ಸಲಕ್ಕೆ 2,500 ಡಾಲರ್ ಮಿತಿ, ಒಬ್ಬರಿಗೆ ವರ್ಷಕ್ಕೆ 30 ಸಲ, ನಗದಾಗಿ ಕೊಡುವುದು 50,000 ರೂಪಾಯಿವರೆಗೆ ಮಾತ್ರ. ಆ ದಾರಿಯಲ್ಲಿ ಎನ್‌ಆರ್‌ಇ ಖಾತೆಗೆ ಹಾಕುವಂತಿಲ್ಲ, ಆಸ್ತಿ ಖರೀದಿಗೂ ಬಳಸುವಂತಿಲ್ಲ. ಮನೆ ಖರ್ಚಿಗೆ ಸರಿ, ಉಳಿತಾಯಕ್ಕೆ ಬೇಡ.

ಇನ್ನೊಂದು ಮಾತು. ಎಕ್ಸ್‌ಚೇಂಜ್ ಅಂಗಡಿ ಹಣ ದಾಟಿಸುವ ದೋಣಿ, ಅಲ್ಲಿ ಉಳಿತಾಯ ಇಡಬೇಡಿ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಡುಪಿ ಮೂಲದ ಉದ್ಯಮಿ ಬಿ.ಆರ್. ಶೆಟ್ಟಿಯವರ ಹೆಸರಿನ ಜೊತೆ ಬೆಳೆದ ಯುಎಇ ಎಕ್ಸ್‌ಚೇಂಜ್ 2020ರ ಮಾರ್ಚ್‌ನಲ್ಲಿ ಹೊಸ ವಹಿವಾಟು ನಿಲ್ಲಿಸಿತು. ಅಲ್ಲಿನ ಸೆಂಟ್ರಲ್ ಬ್ಯಾಂಕ್ ಮೇಲ್ವಿಚಾರಣೆಗೆ ಇಳಿಯಬೇಕಾಯಿತು. ಅಷ್ಟು ದೊಡ್ಡ ಹೆಸರಿಗೂ ಹಾಗಾಗುತ್ತದೆ ಅಂದರೆ, ದೊಡ್ಡ ಮೊತ್ತವನ್ನು ಒಂದೇ ಸಲ ಒಂದೇ ಅಂಗಡಿಯ ಕೈಯಲ್ಲಿ ಇಡುವ ಧೈರ್ಯ ನನಗಂತೂ ಇಲ್ಲ.

ಸ್ವಿಫ್ಟ್ ಎಂಬ, ದೇಶ ದೇಶಗಳ ಬ್ಯಾಂಕುಗಳನ್ನು ಜೋಡಿಸುವ ಜಾಲದ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ ಡಾಲರ್ ಕಳಿಸುವುದು ಇನ್ನೊಂದು ದಾರಿ. ನಿಧಾನ, ಫೀಸ್ ಜಾಸ್ತಿ. ಮತ್ತೆ ಯಾಕೆ ಬೇಕು? ಎಕ್ಸ್‌ಚೇಂಜ್‌ನಿಂದ ಬರುವುದು ರೂಪಾಯಿ. ವಿದೇಶಿ ಹಣದಲ್ಲೇ ಠೇವಣಿ ಇಡಬೇಕಾದರೆ ಹಣ ಡಾಲರ್ ಆಗಿಯೇ ಬರಬೇಕು. ದಿರ್ಹಮ್‌ನಿಂದ ಡಾಲರ್‌ಗೆ ಬದಲಿಸುವಾಗ ಹೆಚ್ಚು ನಷ್ಟವಿಲ್ಲ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ಬ್ಯಾಂಕ್ 3.68ರ ಆಸುಪಾಸು ಹೇಳಿದರೆ ಸರಿ, 3.70ರ ಮೇಲೆ ಹೋದರೆ ಕೇಳಿ. ಕಳಿಸುವಾಗ ಫಾರ್ಮಿನಲ್ಲಿ ಖರ್ಚು ಯಾರದ್ದು ಅಂತ ಒಂದು ಕಾಲಂ ಇರುತ್ತದೆ. ಪೂರ್ತಿ ಖರ್ಚು ಕಳಿಸುವವನದ್ದು ಅಂತ ಗುರುತು ಹಾಕಿ. ನಾನು ಅದನ್ನು ಗಮನಿಸದೆ 10,000 ಡಾಲರ್ ಕಳಿಸಿದೆ. ನಡುವಿನ ಬ್ಯಾಂಕ್ ತನ್ನ ಪಾಲು ಕಿತ್ತುಕೊಂಡು, ಊರಿಗೆ ಬಂದಾಗ ಗುಂಡು ಮೊತ್ತ ಹೋಗಿ ಚಿಲ್ಲರೆ ಮೊತ್ತ ಆಗಿತ್ತು. ಕಡಿಮೆಯಾದದ್ದು ಕೆಲವೇ ಡಾಲರ್, ಆದರೆ ಠೇವಣಿ ಫಾರ್ಮ್ ಮತ್ತೆ ಬರೆಯಬೇಕಾಯಿತು.

ಡಾಲರ್ ಇಲ್ಲಿ ಬಂದು ರೂಪಾಯಿ ಆಗುವಾಗ ಜಿಎಸ್‌ಟಿ ಕೂಡ ಇದೆ. ಇಡೀ ಮೊತ್ತದ ಮೇಲೆ 18 ಶೇಕಡಾ ಅಂತ ಹೆದರಬೇಡಿ. ಬದಲಾವಣೆಯ ಸೇವೆಗೆ ಒಂದು ಸಣ್ಣ ಬೆಲೆ ಕಟ್ಟಿ ಅದರ ಮೇಲೆ 18 ಶೇಕಡಾ. 1 ಲಕ್ಷ ರೂಪಾಯಿಗೆ ಅದು 180 ರೂಪಾಯಿ, 10 ಲಕ್ಷಕ್ಕೆ 990. ಎಷ್ಟೇ ದೊಡ್ಡ ಮೊತ್ತವಾದರೂ 10,800 ದಾಟುವುದಿಲ್ಲ.

ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳು ತಿಂಗಳು ಬದಲಾಗುತ್ತವೆ. ಮೊದಲ ಸಲಕ್ಕೆ ಆಸೆ ಹುಟ್ಟಿಸುವ ರೇಟು, ಎರಡನೇ ಸಲದಿಂದ ಮಾಮೂಲಿ ರೇಟು. ಎನ್‌ಆರ್‌ಇ ಖಾತೆಗೆ ಹಾಕುತ್ತೀರಾ, ದಿನಕ್ಕೆ ಎಷ್ಟು ಮಿತಿ, ಹಣ ಬಂದದ್ದಕ್ಕೆ ಕಾಗದ ಕೊಡುತ್ತೀರಾ ಅಂತ ಮೂರು ಪ್ರಶ್ನೆ ಕೇಳಿ ಮುಂದೆ ಹೋಗಿ. ಅಮೆರಿಕದಲ್ಲಿರುವ ನೆಂಟರಿಗೆ ಮಾತ್ರ ಒಂದು ಸುದ್ದಿ: 2026ರ ಜನವರಿಯಿಂದ ಅಲ್ಲಿ ನಗದು ಕೊಟ್ಟು ಹೊರದೇಶಕ್ಕೆ ಕಳಿಸಿದರೆ 1 ಶೇಕಡಾ ತೆರಿಗೆ. ಬ್ಯಾಂಕ್ ಖಾತೆಯಿಂದಲೋ ಕಾರ್ಡಿನಿಂದಲೋ ಕಳಿಸಿದರೆ ಇಲ್ಲ.

ಕೈಯಲ್ಲಿ ನೋಟು ಹಿಡಿದು ಬರಬಹುದಾ? ಬರಬಹುದು. ವಿದೇಶಿ ನೋಟು 5,000 ಡಾಲರ್ ಬೆಲೆ ದಾಟಿದರೆ ಏರ್‌ಪೋರ್ಟಿನಲ್ಲಿ ಘೋಷಣೆ ಕೊಡಬೇಕು. ಯುಎಇ ಬಿಡುವಾಗ 60,000 ದಿರ್ಹಮ್ ದಾಟಿದರೆ ಅಲ್ಲೂ ಹೇಳಬೇಕು. ಬಂಗಾರ? ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವ ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ ಒಡವೆಯ ವಿನಾಯಿತಿ, ಬಿಸ್ಕತ್ತಿಗೆ ಇಲ್ಲ. 2024ರ ಜುಲೈ ಬಜೆಟ್‌ನಲ್ಲಿ ಇಲ್ಲಿನ ಆಮದು ಸುಂಕವನ್ನು 15ರಿಂದ 6 ಶೇಕಡಾಕ್ಕೆ ಇಳಿಸಿದಾಗ ಅಲ್ಲಿಂದ ತರುವ ಲಾಭವೂ ಅಷ್ಟಕ್ಕಷ್ಟೇ ಆಯಿತು. ಮಗಳ ಮದುವೆಗೆ ಒಡವೆ ಬೇಕಿದ್ದರೆ ತನ್ನಿ, ಉಳಿತಾಯ ಸಾಗಿಸುವ ದಾರಿ ಅಂತ ಮಾಡಬೇಡಿ.

ಹವಾಲಾ. ಇದರ ಹೆಸರು ಎತ್ತದೆ ಗಲ್ಫ್ ಮಾತು ಮುಗಿಯುವುದಿಲ್ಲ, ಅಲ್ವಾ? ರೇಟು ಚೆನ್ನಾಗಿರುತ್ತದೆ, ಮನೆ ಬಾಗಿಲಿಗೆ ತಂದು ಕೊಡುತ್ತಾರೆ, ಎಲ್ಲ ನಿಜ. ವಿದೇಶಿ ಹಣದ ವಹಿವಾಟು ನೋಡುವ ಫೆಮಾ ಕಾಯ್ದೆಯ ಪ್ರಕಾರ ಸಾಗಿಸಿದ ಹಣದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು, ಅದೂ ನಿಜ. ಅದಕ್ಕಿಂತ ಮೊದಲು ಬರುವ ತೊಂದರೆ ಬೇರೆ. ಆ ದುಡ್ಡು ನಿಮ್ಮ ದುಡಿಮೆಯದ್ದು ಅನ್ನುವುದಕ್ಕೆ ಒಂದು ತುಂಡು ಕಾಗದ ಇರುವುದಿಲ್ಲ. ನ್ಯಾಯವಾಗಿ ದುಡಿದ, ತೆರಿಗೆಯೇ ಬೀಳದ ಹಣವನ್ನು ನೀವೇ ಕಪ್ಪು ಮಾಡಿಕೊಂಡ ಹಾಗೆ.

ಖಾತೆಗಳು

ನಾನು ಜಾಸ್ತಿ ಕಳೆದುಕೊಂಡದ್ದು ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲಿಗೆ ಒಂದು ಭಯ ಬಿಡಿ. ಹೊರಗಿದ್ದಾಗ ಹೊರಗೆ ದುಡಿದ ಹಣವನ್ನು ಊರಿಗೆ ತಂದದ್ದಕ್ಕೇ ಅಂತ ಆದಾಯ ತೆರಿಗೆ ಇಲ್ಲ. 10 ಸಾವಿರ ತಂದರೂ ಇಲ್ಲ, 1 ಕೋಟಿ ತಂದರೂ ಇಲ್ಲ. ಬಂದ ಮೇಲೆ ಅದು ಹುಟ್ಟಿಸುವ ಬಡ್ಡಿಗೆ ತೆರಿಗೆ ಬೀಳುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಖಾತೆ.

ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವನ ಮಾಮೂಲಿ ಉಳಿತಾಯ ಖಾತೆ ಎನ್‌ಆರ್‌ಒ ಆಗಿ ಬದಲಾಗಬೇಕು. ನಾವೇ ಹೋಗಿ ಹೇಳಬೇಕು, ಬ್ಯಾಂಕಿಗೆ ಕನಸು ಬೀಳುವುದಿಲ್ಲ. ಎನ್‌ಆರ್‌ಒ ಇರುವುದು ಇಲ್ಲಿನ ಆದಾಯಕ್ಕೆ: ಮನೆ ಬಾಡಿಗೆ, ಡಿವಿಡೆಂಡ್, ತೋಟದ ಹಣ. ಅದರ ಬಡ್ಡಿಯಲ್ಲಿ ಬ್ಯಾಂಕ್ ಮೊದಲೇ 31.2 ಶೇಕಡಾ ಹಿಡಿದುಕೊಳ್ಳುತ್ತದೆ. ಯುಎಇಯ ತೆರಿಗೆ ನಿವಾಸಿ ಪ್ರಮಾಣಪತ್ರ ತಂದುಕೊಟ್ಟರೆ ಎರಡು ದೇಶಗಳ ಒಪ್ಪಂದದಂತೆ ಅದು 12.5ಕ್ಕೆ ಇಳಿಯುತ್ತದೆ. ಇಲ್ಲಿಂದ ಹಣ ಮತ್ತೆ ಹೊರಗೆ ಹೋಗಬೇಕಾದರೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಮೇಲಿಂದ ಸಿಎ ಹತ್ತಿರ ಓಡಾಟ.

ಎನ್‌ಆರ್‌ಇ ಇರುವುದು ಹೊರಗಿನ ದುಡಿಮೆಗೆ. ರೂಪಾಯಿಯಲ್ಲೇ ಇರುತ್ತದೆ, ಅಸಲು ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ನೀವು ಹೊರಗಿರುವವರೆಗೆ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. 20 ಲಕ್ಷದ ಎಫ್‌ಡಿಗೆ 7 ಶೇಕಡಾ ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ 1,40,000. ಎನ್‌ಆರ್‌ಒದಲ್ಲಿದ್ದರೆ ಮೊದಲಿಗೇ 43,680 ಕಡಿತ. ಆಮೇಲೆ ರಿಟರ್ನ್ ಹಾಕಿ ಸ್ವಲ್ಪವೋ ಪೂರ್ತಿಯೋ ವಾಪಸ್ ಬರಬಹುದು. ಎನ್‌ಆರ್‌ಇಯಲ್ಲಿದ್ದರೆ ಕಡಿತ ಸೊನ್ನೆ. ಎಷ್ಟು ಸಂಬಳದ ದಿನ ಎಷ್ಟು ಅಂಗಡಿ ಸುತ್ತಿದರೆ 43,680 ಉಳಿಯುತ್ತದೆ, ನೀವೇ ಲೆಕ್ಕ ಹಾಕಿ.

ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಸುಲಭವಾಗಿ ಜಾರುತ್ತದೆ. ಹತ್ತಿಸುವಾಗ ಕಾಗದ ಪತ್ರ ಬೇಕು. ಅದಕ್ಕೇ ಗಲ್ಫ್‌ನ ದುಡ್ಡನ್ನು ಮೊದಲು ಎನ್‌ಆರ್‌ಇಗೇ ಹಾಕಿ, ಬೇಕಾದಷ್ಟನ್ನು ಮಾತ್ರ ಕೆಳಗಿಳಿಸಿ. ಇನ್ನೊಂದು ಮುಳ್ಳು ಉಂಟು. ಎನ್‌ಆರ್‌ಇ ಎಫ್‌ಡಿ ವರ್ಷ ತುಂಬುವ ಮೊದಲು ಮುರಿದರೆ ಒಂದು ಪೈಸೆ ಬಡ್ಡಿಯೂ ಇಲ್ಲ. ಮನೆಯ ಸ್ಲ್ಯಾಬ್‌ಗೆ ಅಂತ ಹತ್ತನೇ ತಿಂಗಳಲ್ಲಿ ಒಂದನ್ನು ಮುರಿದೆ, ಹತ್ತು ತಿಂಗಳ ಬಡ್ಡಿ ಹೋಯಿತು. ಒಂದು ದೊಡ್ಡ ಎಫ್‌ಡಿಯ ಬದಲು ನಾಲ್ಕು ಸಣ್ಣವು ಮಾಡಿದ್ದರೆ ಒಂದನ್ನು ಮುರಿದು ಸುಧಾರಿಸಬಹುದಿತ್ತು.

"ಅಪ್ಪನ ಖಾತೆಗೇ ಕಳಿಸ್ತೇನೆ, ಅವರು ನೋಡಿಕೊಳ್ತಾರೆ." ಇದು ಹಳೇ ಪದ್ಧತಿ. ಮನೆ ಖರ್ಚಿಗೆ ಸರಿ. ಅಪ್ಪನಿಗೆ ಕೊಟ್ಟದ್ದು ಉಡುಗೊರೆ, ತೆರಿಗೆ ಇಲ್ಲ. ಆದರೆ ಆ ಕ್ಷಣದಿಂದ ದುಡ್ಡು ಅಪ್ಪನದ್ದು. ಬಡ್ಡಿ ಅಪ್ಪನ ಆದಾಯ, ನಾಳೆ ಪಾಲು ಎಲ್ಲ ಮಕ್ಕಳಿಗೆ. ಹನ್ನೆರಡು ವರ್ಷ ಮಸ್ಕತ್‌ನಲ್ಲಿ ದುಡಿದು, ಎಲ್ಲವನ್ನೂ ಅಣ್ಣನ ಖಾತೆಗೆ ಕಳಿಸಿ, ಈಗ ಅಣ್ಣನ ಹೆಸರಿನ ಮನೆಯಲ್ಲಿ ಮಹಡಿ ಮೇಲಿನ ಕೋಣೆಯಲ್ಲಿರುವ ಗೆಳೆಯ ನನಗೊಬ್ಬನಿದ್ದಾನೆ. ಜಗಳ ಇಲ್ಲ, ಮಾತೂ ಇಲ್ಲ. ಹೆಂಡತಿಯ ಹೆಸರಿಗೆ ಹಾಕಿದರೆ ಬೇರೆ ಗಂಟು: ಆ ಹಣದ ಬಡ್ಡಿಯನ್ನು ತೆರಿಗೆಯವರು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ.

ಮನೆಯವರಿಗೆ ಹಣ ತೆಗೆಯಲು ಅನುಕೂಲ ಬೇಕು, ಅಷ್ಟೇ ತಾನೆ? ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು ಎರಡನೇ ಹೆಸರಾಗಿ ಸೇರಿಸಬಹುದು. ನೀವು ಇರುವಷ್ಟು ದಿನ ಅಧಿಕಾರ ನಿಮ್ಮದು, ನಿಮ್ಮ ನಂತರ ಅವರದ್ದು. ಅಥವಾ ಅವರಿಗೆ ಖಾತೆ ನಡೆಸುವ ಅಧಿಕಾರ ಪತ್ರ ಕೊಡಿ. ಇಲ್ಲಿನ ಬಿಲ್ಲು, ಕಂತು ಕಟ್ಟಲು ಅದು ಸಾಕು. ನಿಮ್ಮ ಪರವಾಗಿ ಯಾರಿಗೂ ಉಡುಗೊರೆ ಕೊಡಲು ಅವರಿಗೆ ಆಗುವುದಿಲ್ಲ, ಅದೂ ಒಳ್ಳೆಯದೇ.

ಎಫ್‌ಸಿಎನ್‌ಆರ್ ಠೇವಣಿ ನಮ್ಮವರು ಕಡೆಗಣಿಸುವ ವಸ್ತು. ಡಾಲರ್, ಪೌಂಡ್, ಯೂರೋ ಮುಂತಾದ ಹಣದಲ್ಲಿ 1ರಿಂದ 5 ವರ್ಷಕ್ಕೆ ಇಡುವುದು. ರೂಪಾಯಿ ಬಿದ್ದರೂ ಎದ್ದರೂ ನಿಮ್ಮ ಡಾಲರ್ ಡಾಲರಾಗಿಯೇ ಇರುತ್ತದೆ. ಹೊರಗಿರುವವರೆಗೆ ಬಡ್ಡಿಗೆ ತೆರಿಗೆ ಇಲ್ಲ. ಇದೂ ವರ್ಷದೊಳಗೆ ಮುರಿದರೆ ಬಡ್ಡಿ ಇಲ್ಲ. ಬಡ್ಡಿ ದರ ರೂಪಾಯಿ ಎಫ್‌ಡಿಗಿಂತ ಸಾಮಾನ್ಯವಾಗಿ ಕಡಿಮೆ, ಅದಕ್ಕೇ ಜನ ಮೂಗು ಮುರಿಯುತ್ತಾರೆ. ಎನ್‌ಆರ್‌ಇ 6.75, ಎಫ್‌ಸಿಎನ್‌ಆರ್ 4.5 ಅಂತಿಟ್ಟುಕೊಳ್ಳಿ. ರೂಪಾಯಿ ವರ್ಷಕ್ಕೆ ಸುಮಾರು 2.2 ಶೇಕಡಾಕ್ಕಿಂತ ಜಾಸ್ತಿ ಸವೆದರೆ ಎಫ್‌ಸಿಎನ್‌ಆರ್ ಗೆಲ್ಲುತ್ತದೆ. 2014ರ ನಡುವೆ ಡಾಲರ್‌ಗೆ 60 ರೂಪಾಯಿ ಇತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಸರಾಸರಿ ವರ್ಷಕ್ಕೆ ಮೂರೂವರೆ ಶೇಕಡಾ. ಮುಂದೆಯೂ ಹೀಗೇ ಅಂತ ಯಾರೂ ಬರೆದುಕೊಟ್ಟಿಲ್ಲ. ನಾಳೆ ಖರ್ಚು ರೂಪಾಯಿಯಲ್ಲಿದ್ದರೆ ಎನ್‌ಆರ್‌ಇ ಸಾಕು. ಮಗ ಹೊರದೇಶದಲ್ಲಿ ಓದುವ ಯೋಚನೆ ಇದ್ದರೆ ಅವನ ಫೀಸಿನ ಹಣವನ್ನು ರೂಪಾಯಿ ಮಾಡಿ ಮತ್ತೆ ಡಾಲರ್ ಮಾಡುವುದು ಯಾಕೆ? ಎರಡು ಸಲ ಕಮಿಷನ್.

ಯಾವ ಖಾತೆ ಆದರೂ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಒಟ್ಟು 5 ಲಕ್ಷ ರೂಪಾಯಿವರೆಗೆ ಮಾತ್ರ, ಬಡ್ಡಿಯೂ ಸೇರಿ. ಹೆಚ್ಚು ಬಡ್ಡಿ ಅಂತ ಸಣ್ಣ ಬ್ಯಾಂಕಿನಲ್ಲಿ ಎಲ್ಲವನ್ನೂ ಸುರಿಯುವ ಮೊದಲು ಇದನ್ನು ನೆನಪಿಡಿ.

ಯಾವಾಗ?

2013ರ ಆಗಸ್ಟ್ ನೆನಪಿದೆಯಾ? ಡಾಲರ್ 68 ದಾಟಿತು, ದಿರ್ಹಮ್ ಹದಿನೆಂಟೂ ಮುಕ್ಕಾಲರ ಹತ್ತಿರ ಬಂತು. ಕ್ರೆಡಿಟ್ ಕಾರ್ಡಿನಿಂದ ಸಾಲ ತೆಗೆದು ಊರಿಗೆ ಕಳಿಸಿದವರನ್ನು ನೋಡಿದ್ದೇನೆ. ನಾನು ಬುದ್ಧಿವಂತ, ಹತ್ತೊಂಬತ್ತಕ್ಕೆ ಕಾದೆ. ಬರಲಿಲ್ಲ. ಅಕ್ಟೋಬರ್‌ನಲ್ಲಿ ಹದಿನಾರೂ ಮುಕ್ಕಾಲರ ಸುತ್ತ 40,000 ದಿರ್ಹಮ್ ಕಳಿಸಿದೆ. ಬಿಟ್ಟುಕೊಂಡದ್ದು ಸುಮಾರು 80,000 ರೂಪಾಯಿ. ಆಮೇಲೆ ನಾನು ಮಾಡಿದ ಏರ್ಪಾಡು ಇದು: ಪ್ರತಿ ತಿಂಗಳ ಉಳಿತಾಯ ಆ ತಿಂಗಳೇ ಹೋಗಬೇಕು. ಕೂಡಿಟ್ಟ ದೊಡ್ಡ ಮೊತ್ತವಾದರೆ ಮೂರು ನಾಲ್ಕು ಕಂತು. ರೇಟಿಗಾಗಿ ಟಿವಿ ನೋಡುವುದೂ ಕಡಿಮೆಯಾಯಿತು.

ರೇಟಿನ ಸಮಯಕ್ಕಿಂತ ದೊಡ್ಡದು ನೀವು ಊರಿಗೆ ಮರಳುವ ಸಮಯ. ಇಲ್ಲಿ ಎರಡು ಕಾನೂನು, ಎರಡು ಗಡಿಯಾರ. ಒಂದನ್ನು ಇನ್ನೊಂದು ಅಂದುಕೊಂಡವರೇ ಜಾಸ್ತಿ.

ಹೀಗೆ ಮರಳುವವರಿಗೆ ಫೆಮಾದ ಗಡಿಯಾರ ದಿನ ಎಣಿಸುತ್ತಾ ಕೂರುವುದಿಲ್ಲ. ಇನ್ನು ಇಲ್ಲೇ ಇರುತ್ತೇನೆ ಅಂತ ಬಂದು ಇಳಿದ ದಿನದಿಂದ ನೀವು ನಿವಾಸಿ. ಬ್ಯಾಂಕಿಗೆ ತಿಳಿಸಬೇಕು. ಎನ್‌ಆರ್‌ಇ ಖಾತೆ ಮಾಮೂಲಿ ಖಾತೆ ಆಗುತ್ತದೆ. ಎಫ್‌ಡಿಗೆ ಹೇಳಿದ ಬಡ್ಡಿ ಸಿಗುತ್ತದೆ, ಆದರೆ ಅಲ್ಲಿಂದ ತೆರಿಗೆ ಶುರು. "ಎನ್‌ಆರ್‌ಇ ಹಾಗೇ ಇರಲಿ, ಯಾರು ಕೇಳ್ತಾರೆ" ಅನ್ನುವವರು ಬಹಳ ಜನ. ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲ ಒಂದಕ್ಕೊಂದು ಕಟ್ಟಿಕೊಂಡ ಈ ಕಾಲದಲ್ಲಿ ನಾನು ಆ ಆಟ ಆಡುವುದಿಲ್ಲ. ಎಫ್‌ಸಿಎನ್‌ಆರ್ ಮಾತ್ರ ಅವಧಿ ಮುಗಿಯುವವರೆಗೆ ಹಾಗೇ ಇರಬಹುದು. ಮುಗಿದ ಮೇಲೆ ಆರ್‌ಎಫ್‌ಸಿ ಖಾತೆಗೆ ಹಾಕಬಹುದು. ಅದು ಮರಳಿ ಬಂದವರಿಗೆ ಅಂತಲೇ ಇರುವ ಡಾಲರ್ ಖಾತೆ. ಮುಂದೆ ಮತ್ತೆ ಹೊರಗೆ ಹೋಗುವ ಯೋಚನೆ ಇರುವವರು ಇದನ್ನು ಮರೆಯಬಾರದು.

ಆದಾಯ ತೆರಿಗೆಯ ಗಡಿಯಾರ ಏಪ್ರಿಲ್‌ನಿಂದ ಮಾರ್ಚ್‌ಗೆ ದಿನ ಎಣಿಸುತ್ತದೆ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. ಫೆಬ್ರವರಿಗೆ 28 ದಿನ ಇರುವ ವರ್ಷ ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ ಸರಿಯಾಗಿ 182 ದಿನ. ಅಂದರೆ ಅಕ್ಟೋಬರ್ 1 ಕಳೆದು ಬಂದು, ಅದೇ ವರ್ಷ ಮೊದಲು ರಜೆಗೆ ಬಂದಿರದಿದ್ದರೆ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನಕ್ಕಿಂತ ಕಡಿಮೆ ಊರಿನಲ್ಲಿದ್ದರೆ, ಆ ವರ್ಷವೂ ನೀವು ಅನಿವಾಸಿಯೇ. ನಾನು 2022ರಲ್ಲಿ ಚೌತಿಗೆ ಬರಲಿಲ್ಲ, ಅಕ್ಟೋಬರ್ ಎರಡನೇ ವಾರ ಬಂದೆ. "ಹಬ್ಬಕ್ಕಿಂತ ಅದೆಂಥ ಲೆಕ್ಕ ನಿನ್ನದು" ಅಂತ ಅಮ್ಮ ಈಗಲೂ ಕೇಳುತ್ತಾರೆ.

ಅದಾದ ಮೇಲೆ ಒಂದು ನಡುವಿನ ಸ್ಥಿತಿ ಇದೆ. ನಿವಾಸಿ ಹೌದು, ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಒಟ್ಟು 729 ದಿನ ಮೀರದಷ್ಟು ಇಲ್ಲಿದ್ದರೆ ಇದು ಸಿಗುತ್ತದೆ. ವರ್ಷಕ್ಕೆ ಒಂದೂವರೆ ತಿಂಗಳು ರಜೆಗೆ ಬಂದು ಹೋಗುತ್ತಿದ್ದ ಗಲ್ಫಿನವರಿಗೆ ಸಾಮಾನ್ಯವಾಗಿ ಎರಡು ವರ್ಷ ದಕ್ಕುತ್ತದೆ. ಆ ಅವಧಿಯಲ್ಲಿ ಹೊರಗಿನ ಬಡ್ಡಿಗೆ, ಎಫ್‌ಸಿಎನ್‌ಆರ್, ಆರ್‌ಎಫ್‌ಸಿ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಅಲ್ಲಿ ಬಿಟ್ಟು ಬಂದ ಖಾತೆಗಳನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ಮುಚ್ಚಿಟ್ಟವರಿಗೆ 2015ರ ಕಪ್ಪುಹಣ ಕಾಯ್ದೆ ಇದೆ. (2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಹಳೇ ಸೆಕ್ಷನ್ ನಂಬರ್ ಹಿಡಿದು ಹುಡುಕಬೇಡಿ.)

ನಾನು ಮಾಡಿದ್ದು ಇಷ್ಟು. ಬಿಡುವ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಉಳಿತಾಯದ ಅರ್ಧವನ್ನು ಡಾಲರ್ ಆಗಿ ಸ್ವಿಫ್ಟ್‌ನಲ್ಲಿ ಕಳಿಸಿ ಮೂರು ವರ್ಷದ ಎಫ್‌ಸಿಎನ್‌ಆರ್ ಮಾಡಿದೆ. ಉಳಿದದ್ದು ಎನ್‌ಆರ್‌ಇಗೆ. ಇಟ್ಟಾಗ ಡಾಲರ್ 80ರ ಆಸುಪಾಸು, 2025ರಲ್ಲಿ ತೆಗೆದಾಗ 88ರ ಆಸುಪಾಸು. ತೆರಿಗೆ ಬಿದ್ದದ್ದು ಕೊನೆಯ ಐದಾರು ತಿಂಗಳ ಬಡ್ಡಿಗೆ ಮಾತ್ರ. ಮೊದಲ ಆರು ವರ್ಷದ ಪೆದ್ದುತನಕ್ಕೆ ಸ್ವಲ್ಪ ಪರಿಹಾರ ಸಿಕ್ಕಿತು.

ಅಲ್ಲಿಂದ ಬಿಡುವಾಗ

ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಯನ್ನು ಊಹೆಯಲ್ಲಿ ಲೆಕ್ಕ ಹಾಕಬೇಡಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ಸಂಬಳ. ಭತ್ಯೆಗಳು ಸೇರುವುದಿಲ್ಲ. ಮೂಲ ಸಂಬಳ 4,000 ದಿರ್ಹಮ್, ಸೇವೆ ಹತ್ತು ವರ್ಷ ಅಂದರೆ 255 ದಿನದ ಲೆಕ್ಕ, 34,000 ದಿರ್ಹಮ್. ಕೆಲಸ ಮುಗಿದ 14 ದಿನದೊಳಗೆ ಕೊಡಬೇಕು ಎಂದು ಈಗಿನ ಕಾನೂನು.

ಈ ಹಣ ಬೀಳುವ ಖಾತೆಯಲ್ಲಿ ಸಾಲವೋ ಕ್ರೆಡಿಟ್ ಕಾರ್ಡೋ ಇದ್ದರೆ ಎಚ್ಚರ. ಕೊನೆಯ ಸಂಬಳ ಬಂದದ್ದು ಗೊತ್ತಾದರೆ ಬ್ಯಾಂಕ್ ಖಾತೆಯನ್ನೇ ತಡೆಹಿಡಿಯಬಹುದು. ನನ್ನ ರೂಮಿನವನಿಗೆ ವಿಮಾನದ ಟಿಕೆಟ್ ಕೈಯಲ್ಲಿರುವಾಗ ಹಾಗಾಯಿತು. ಎರಡು ತಿಂಗಳು ಮೊದಲೇ ಸಾಲ ತೀರಿಸಿ, ತೀರಿದ ಪತ್ರ ತೆಗೆದುಕೊಳ್ಳಿ. ಉಳಿತಾಯವನ್ನು ವೀಸಾ ಕ್ಯಾನ್ಸಲ್ ಆಗುವ ಮೊದಲೇ ಕಳಿಸಿ ಮುಗಿಸಿ, ಗ್ರಾಚ್ಯುಟಿ ಬರುವಷ್ಟು ದಿನ ಮಾತ್ರ ಖಾತೆ ತೆರೆದಿಡಿ.

ಅಡಿಕೆ ತೋಟ ಕೊಳ್ಳುವ ಆಸೆ ನಮ್ಮ ಕಡೆಯವರಿಗೆ ಸಹಜ. ಅನಿವಾಸಿ ಇರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮನೆ, ಫ್ಲ್ಯಾಟ್ ಕೊಳ್ಳಬಹುದು, ಹಿರಿಯರಿಂದ ತೋಟ ಬಂದರೂ ಸರಿ. ಕೊಳ್ಳುವುದಾದರೆ ಊರಿಗೆ ಬಂದು ನೆಲೆ ನಿಂತ ಮೇಲೆ. ಅಲ್ಲಿಯವರೆಗೆ ದುಡ್ಡು ಎನ್‌ಆರ್‌ಇ ಎಫ್‌ಡಿಯಲ್ಲಿರಲಿ, ಬ್ರೋಕರ್‌ಗೆ ಅಡ್ವಾನ್ಸ್ ಕೊಡಬೇಡಿ.

ಇಷ್ಟನ್ನೂ ಇಟ್ಟುಕೊಂಡು ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ತಿಂಗಳಿಗೆ ಸಾವಿರವೋ ಎರಡು ಸಾವಿರವೋ ದಿರ್ಹಮ್ ಮನೆಗೆ ಕಳಿಸುವವರು ಕಡಿಮೆ ಫೀಸಿನ ದಾರಿ ಹಿಡಿಯಿರಿ, ಮನೆಯವರ ಖಾತೆಗೇ ಹಾಕಿ, ತಲೆ ಕೆಡಿಸಿಕೊಳ್ಳಬೇಡಿ. ಇನ್ನೂ ಐದಾರು ವರ್ಷ ಅಲ್ಲೇ ಇರುವವರು ಉಳಿತಾಯವನ್ನು ಎಕ್ಸ್‌ಚೇಂಜ್‌ನಿಂದ ಸ್ವಂತ ಎನ್‌ಆರ್‌ಇಗೆ ಹಾಕಿ, ಸಣ್ಣ ಸಣ್ಣ ಎಫ್‌ಡಿ ಮಾಡಿ. ವರ್ಷದೊಳಗೆ ಮರಳುವವರು ಮೊದಲು ದಿನ ಎಣಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ಸದ್ಯಕ್ಕೆ ಬೇಡದ ಹಣವನ್ನು ಬಿಡುವ ಮೊದಲೇ ಎಫ್‌ಸಿಎನ್‌ಆರ್‌ನಲ್ಲಿ ಕೂರಿಸಿ.

ಕಳಿಸುವ ಮೊದಲು ಇನ್ನೊಂದು ಕೆಲಸ. ಎಕ್ಸ್‌ಚೇಂಜ್‌ನಲ್ಲಿ ಬರೆದಿಟ್ಟ ನಿಮ್ಮ ಐಎಫ್‌ಎಸ್‌ಸಿ ಕೋಡ್ ನೋಡಿ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2021ರಲ್ಲಿ ಹಳೇ ಕೋಡ್‌ಗಳು ನಿಂತವು. ಹಳೇ ಪಾಸ್‌ಬುಕ್ ನೋಡಿ ಬರೆದುಕೊಟ್ಟರೆ ಹಣ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಅಷ್ಟರಲ್ಲಿ ರೇಟು ಬದಲಾಗಿರುತ್ತದೆ.

ಮತ್ತೆ ರಸೀದಿಗಳು. ಮನೆ ನೋಂದಣಿಗೋ ತೆರಿಗೆ ನೋಟಿಸಿಗೋ ಹತ್ತು ವರ್ಷ ಕಳೆದು "ಈ ಹಣ ಎಲ್ಲಿಂದ ಬಂತು?" ಅಂತ ಕೇಳಿದಾಗ ಉತ್ತರ ಕೊಡುವುದು ಅವೇ. ನಾನು ಪ್ರತಿಯೊಂದನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ. ಕಳೆದ ವರ್ಷ ಸಿಎ ಕೇಳಿದರು ಅಂತ ತೆರೆದರೆ, ಮೊದಮೊದಲ ವರ್ಷಗಳ ಚೀಟಿಗಳೆಲ್ಲ ಖಾಲಿ ಬಿಳಿ ಕಾಗದ. ಅಂಗಡಿಯ ಮೆಷಿನ್ ಕೊಡುವ ಆ ನುಣುಪು ಕಾಗದದ ಅಕ್ಷರ ನಾಲ್ಕೈದು ಮಳೆಗಾಲಕ್ಕೆ ಹಾರಿಹೋಗುತ್ತದೆ. ಪಡೆದ ದಿನವೇ ಫೋಟೋ ತೆಗೆದು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಬ್ಯಾಂಕಿನಿಂದ ವಿದೇಶಿ ಹಣ ಬಂದ ಪತ್ರವನ್ನು ಆಯಾ ವರ್ಷವೇ ಕೇಳಿ ತೆಗೆದುಕೊಳ್ಳಿ.